ಹತ್ತೊಂಬತ್ತನೆಯ ಎಣ್ಣೆ

ಮಂಗಳವಾರದ ಬೆಳಿಗ್ಗೆ ದಲೆಂದಾ ಕಾಫಿ ಕುಡಿಯುತ್ತಿರಲಿಲ್ಲ. ಮುಖಕ್ಕೆ ಕ್ರೀಮು ಹಚ್ಚುತ್ತಿರಲಿಲ್ಲ. ಹಿಂದಿನ ದಿನದ ಸ್ನಾನಕ್ಕೂ ವಾಸನೆಯಿಲ್ಲದ ಬಿಳಿ ಸಾಬೂನೇ. ಹದಿನಾಲ್ಕು ವರ್ಷದಿಂದ ಈ ಕ್ರಮ ತಪ್ಪಿರಲಿಲ್ಲ. ಗಂಡ ಹೆದಿ ಅದಕ್ಕೆ ‘ನಿನ್ನ ಮಂಗಳವಾರದ ರಂಜಾನ್’ ಎಂದು ಹೆಸರಿಟ್ಟಿದ್ದ.

ಸ್ಫಾಕ್ಸ್ ಎಂಬ ಕಡಲೂರಿನ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗದಲ್ಲಿ ಅವಳು ಗುಮಾಸ್ತೆ. ಐವತ್ತಮೂರು ವರ್ಷ. ಅರ್ಜಿ ತೆಗೆದುಕೊಳ್ಳುವುದು, ಮೊಹರು ಹಾಕುವುದು, ಪ್ರಬಂಧಗಳ ಶೀರ್ಷಿಕೆಯನ್ನು ದೊಡ್ಡ ಪುಸ್ತಕದಲ್ಲಿ ಬರೆಯುವುದು. ಇಚ್ಛಾಸ್ವಾತಂತ್ರ್ಯ, ಕಾಲದ ಸ್ವರೂಪ ಇವುಗಳ ಬಗ್ಗೆ ಗೋಡೆಯಾಚೆ ಇಪ್ಪತ್ತೆಂಟು ವರ್ಷದಿಂದ ಪಾಠ ನಡೆಯುತ್ತಲೇ ಇತ್ತು. ಕೆಲವು ವಾಕ್ಯಗಳು ಅವಳಿಗೆ ಬಾಯಿಪಾಠವಾಗಿದ್ದವು; ಯಾರೂ ಕೇಳಿರಲಿಲ್ಲ.

ಮಂಗಳವಾರ ಹತ್ತು ಗಂಟೆಗೆ ಮಾತ್ರ ಅವಳು ಮೊಹರನ್ನು ಖಾನೆಯಲ್ಲಿಟ್ಟು ಬೀಗ ಹಾಕಿ, ನೀಲಗಿರಿ ಮರಗಳ ಸಾಲು ದಾಟಿ, ಆಹಾರ ವಿಜ್ಞಾನದ ಕಟ್ಟಡದ ಎರಡನೇ ಮಹಡಿ ಹತ್ತುತ್ತಿದ್ದಳು. ಅಲ್ಲಿ ಒಂದು ಬಿಳಿ ಕೋಣೆ. ಕೋಣೆಯಲ್ಲಿ ಹಲಗೆಯ ಅಡ್ಡಗೋಡೆ ಹಾಕಿದ ಎಂಟು ಗೂಡುಗಳು, ಗೂಡಿಗೊಂದು ಕುರ್ಚಿ. ಆಲಿವ್ ಎಣ್ಣೆಯ ರುಚಿ ನೋಡಿ ದರ್ಜೆ ಹೇಳುವ ಮಂಡಳಿ ಕೂರುವ ಜಾಗ ಅದು. ಮೂಗು ಒಳ್ಳೆಯದಿದ್ದರೆ ಸಾಕು, ಓದು ಏನಿದ್ದರೂ ನಡೆಯುತ್ತದೆ ಎಂದು ಹಿಂದೊಮ್ಮೆ ಎಲ್ಲ ವಿಭಾಗಗಳಿಗೂ ಸುತ್ತೋಲೆ ಬಂದಿತ್ತು. ಹಾಗಾಗಿ ಸಮುದ್ರದ ಗಡಿಯ ಕಾನೂನು ಪಾಠ ಮಾಡುವವಳು, ನೀರಿನ ತೊಟ್ಟಿಯಲ್ಲಿ ಸ್ಪಂಜು ಬೆಳೆಸಿ ನೋಡುವವನು, ರೋಮನರ ಕಾಲದ ಕಲ್ಲಿನ ಬರಹ ಓದುವವನು, ಸೂಲಗಿತ್ತಿಯರಿಗೆ ತರಬೇತಿ ಕೊಡುವವಳು, ಗಣಿತದ ಫತ್ಹಿ, ಎಲ್ಲರೂ ಅಲ್ಲಿ ಅಕ್ಕಪಕ್ಕ ಕೂರುತ್ತಿದ್ದರು. ಎಣ್ಣೆ ಬೆಚ್ಚಗಾಗುವ ತನಕ ಹೊರಗಿನ ಬೆಂಚಿನ ಮೇಲೆ ಗಂಡಸರನ್ನು ‘ಸಿ’, ಹೆಂಗಸರನ್ನು ‘ಲೆಲ್ಲಾ’ ಎಂದು ಮರ್ಯಾದೆಗೆ ಕರೆಯುತ್ತಾ ತಮ್ಮ ತಮ್ಮ ಕೆಲಸದ ಮಾತಾಡುತ್ತಿದ್ದರು. ಇಡೀ ವಿಶ್ವವಿದ್ಯಾಲಯ ಏನು ಮಾಡುತ್ತದೆ ಎಂಬುದು ದಲೆಂದಾಳಿಗೆ ತಿಳಿದದ್ದು ಆ ಬೆಂಚಿನಲ್ಲೇ.

ಮಂಡಳಿಯ ಮುಖ್ಯಸ್ಥ ಪ್ರೊಫೆಸರ್ ಮೊಂದೆರ್ ಮೊದಲ ದಿನವೇ ಹೇಳಿದ್ದರು: “ಈ ಬಾಗಿಲು ದಾಟಿದ ಮೇಲೆ ನೀವು ಮನುಷ್ಯರಲ್ಲ, ಉಪಕರಣ. ತಕ್ಕಡಿ ಇದ್ದ ಹಾಗೆ. ತಕ್ಕಡಿಗೆ ಅಭಿಪ್ರಾಯ ಇರಲ್ಲ.” ಉಳಿದವರು ನಕ್ಕಿದ್ದರು. ದಲೆಂದಾಳಿಗೆ ಆ ಮಾತು ಹಿಡಿಸಿತ್ತು. ಮಗಳಾಗಿ, ಹೆಂಡತಿಯಾಗಿ, ಗುಮಾಸ್ತೆಯಾಗಿ ಅವಳಿಂದ ಜನ ಬಯಸಿದ್ದು ತಾಳ್ಮೆಯನ್ನು. ನಿಖರತೆ ಬೇಕು ಎಂದು ಕೇಳಿದವರು ಇವರೊಬ್ಬರೇ. ನಾಲ್ಕನೇ ಗೂಡು ಅವಳದು. ಮುಗ್ಗಿದ ಎಣ್ಣೆಯನ್ನು ಹಿಡಿಯುವುದರಲ್ಲಿ ನಾಲ್ಕನೇ ಗೂಡನ್ನು ಮೀರಿಸಿದವರಿಲ್ಲ ಎಂದು ಮಂಡಳಿಯಲ್ಲಿ ಎಲ್ಲರೂ ಒಪ್ಪುತ್ತಿದ್ದರು.

ಆ ವರ್ಷ ಜನವರಿಯಲ್ಲಿ ಅವಳಿಗೆ ಜ್ವರ ಬಂತು. ಹತ್ತು ದಿನದಲ್ಲಿ ಜ್ವರ ಹೋಯಿತು, ಕೆಮ್ಮು ಹೋಯಿತು. ಹನ್ನೊಂದನೇ ದಿನ ಕಾಫಿಗೆ ಎರಡು ಹನಿ ಹಾಕಿಕೊಳ್ಳೋಣವೆಂದು ಅಮ್ಮನ ಕಾಲದ ಬಾಟಲಿಯಿಂದ ಕಿತ್ತಳೆ ಹೂವಿನ ನೀರು ತೆಗೆದಳು. ಮೂಸಿದಳು. ಬಾಟಲಿಯಲ್ಲಿ ಬರೀ ನೀರಿತ್ತು. ಯಾರಾದರೂ ತೊಳೆದು ನಲ್ಲಿಯ ನೀರು ತುಂಬಿಟ್ಟರೇ ಎಂದು ಮೊದಲು ಯೋಚಿಸಿದಳು. ಆಮೇಲೆ ಬೆಳ್ಳುಳ್ಳಿ ಜಜ್ಜಿದಳು, ಸ್ಟೌವಿನ ಗ್ಯಾಸನ್ನು ಹಚ್ಚದೆ ಒಂದು ಕ್ಷಣ ಬಿಟ್ಟು ನೋಡಿದಳು, ಹೆದಿಯ ಬೆವರಿನ ಅಂಗಿಗೆ ಮುಖವಿಟ್ಟಳು. ಎಲ್ಲಿಯೂ ಏನೂ ಇರಲಿಲ್ಲ. ಬರುತ್ತದೆ, ಎಂಟು ದಿನ ಕಾಯೋಣ ಎಂದುಕೊಂಡಳು.

ಎಂಟು ದಿನಕ್ಕೆ ಮೊದಲೇ ಮಂಗಳವಾರ ಬಂತು.

ಆ ಚಳಿಗಾಲದಲ್ಲಿ ಮಂಡಳಿ ಕೂರುತ್ತಿದ್ದುದು ರಿಹಾಬ್ ಎಂಬ ಹುಡುಗಿಯ ಪಿಎಚ್‌ಡಿ ಕೆಲಸಕ್ಕೆ. ರಿಹಾಬ್ ಒಳನಾಡಿನ ಗುಡ್ಡಗಾಡಿನವಳು. ಅವಳ ಊರಿನ ಕಡೆ ಆಲಿವ್‌ನ ಒಂದು ಹಳೆಯ ತಳಿಯಿದೆ. ಎಲೆ ಉದ್ದವಾಗಿ ನಿಂತಿರುವುದರಿಂದ ಊರವರು ಅದನ್ನು ಮೊಲಗಿವಿ ಎನ್ನುತ್ತಾರೆ. ಇಳುವರಿ ಕಡಿಮೆಯೆಂದು ಜನ ಆ ಮರಗಳನ್ನು ಕಿತ್ತು ಬೇರೆ ಸಸಿ ಹಾಕುತ್ತಿದ್ದರು. ಅವಳ ಸೋದರಮಾವನೂ ಕೀಳಿಸಲು ಹೊರಟಿದ್ದ. ಆ ಎಣ್ಣೆ ಮೊದಲ ದರ್ಜೆಯದು ಎಂದು ತೋರಿಸಿದರೆ ಮರ ಉಳಿಯುತ್ತದೆ, ತನಗೂ ಪದವಿ ಬರುತ್ತದೆ ಎಂಬುದು ರಿಹಾಬಳ ಲೆಕ್ಕ. ಬೇರೆ ಬೇರೆ ತೋಟಗಳಿಂದ ತಂದ ಇಪ್ಪತ್ತೆಂಟು ಎಣ್ಣೆ. ವಾರಕ್ಕೆ ನಾಲ್ಕರಂತೆ ಏಳು ಮಂಗಳವಾರ. ಎಂಟು ಜನ ಕೂತರೆ ಮಾತ್ರ ಫಲಿತಾಂಶಕ್ಕೆ ಬೆಲೆ, ಏಳು ಕುರ್ಚಿ ತುಂಬಿದರೆ ಇಲ್ಲ.

ದಲೆಂದಾ ಗೂಡಿನಲ್ಲಿ ಕೂತು ನೀಲಿ ಗ್ಲಾಸನ್ನು ಅಂಗೈಯಲ್ಲಿ ಬೆಚ್ಚಗೆ ಹಿಡಿದು ಮುಚ್ಚಳ ತೆಗೆದಳು. ಎಣ್ಣೆಯ ಬಣ್ಣ ಕಾಣದಿರಲೆಂದು ಗ್ಲಾಸು ನೀಲಿ. ಮೂಸಿದಳು. ಏನೂ ಇಲ್ಲ. ಎದುರಿನ ಹಾಳೆಯಲ್ಲಿ ಗೆರೆಗಳು, ಒಂದೊಂದೂ ಹತ್ತು ಸೆಂಟಿಮೀಟರ್. ಮೇಲೆ ಗುಣದ ಗೆರೆಗಳು, ಕೆಳಗೆ ದೋಷದ ಗೆರೆಗಳು. ಎದ್ದು ಹೇಳಬಹುದಿತ್ತು. ಎದ್ದರೆ ಎಂಟು ಏಳಾಗುತ್ತದೆ, ಹುಡುಗಿಯ ವಾರ ಹಾಳಾಗುತ್ತದೆ ಎಂದು ಆಗ ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ಸುಳ್ಳೂ ಅಲ್ಲ.

ಒಂದು ಗುಟುಕು ಬಾಯಿಗೆ ಹಾಕಿಕೊಂಡು ಹಲ್ಲುಗಳ ಸಂದಿನಿಂದ ಗಾಳಿ ಎಳೆದಳು. ನಾಲಿಗೆಯ ಹಿಂಬದಿಯಲ್ಲಿ ಕಹಿ ಹರಡಿತು. ಎಣ್ಣೆ ಇಳಿದ ಮೇಲೆ ಗಂಟಲು ಚುರುಗುಟ್ಟಿತು, ಎರಡು ಬಾರಿ ಕೆಮ್ಮು ಬಂತು. ಕಹಿ ನಾಲಿಗೆಯದು, ಘಾಟು ಗಂಟಲಿನದು. ಎರಡೂ ಜ್ವರಕ್ಕೆ ಸಿಕ್ಕಿರಲಿಲ್ಲ. ಗಂಟಲು ಇಷ್ಟು ಉರಿಯುವ ಎಣ್ಣೆ ಎಳೆ ಕಾಯಿಯದೇ ಇರಬೇಕು, ಎಳೆ ಕಾಯಿಯಾದರೆ ಹಸಿರು ಘಮ ಇದ್ದೇ ಇರುತ್ತದೆ ಎಂದು ಊಹಿಸಿ ಘಮದ ಗೆರೆಯಲ್ಲಿ ಆರರ ಹತ್ತಿರ ಗುರುತು ಹಾಕಿದಳು. ದೋಷದ ಗೆರೆಗಳನ್ನು ಖಾಲಿ ಬಿಟ್ಟಳು. ಖಾಲಿ ಎಂದರೆ ಸೊನ್ನೆ.

ಆಮೇಲೆ ಬೆಂಚಿನ ಮೇಲೆ ಫತ್ಹಿ ಕೇಳಿದರು, “ಏನ್ ಲೆಲ್ಲಾ, ಇವತ್ತು ಮುಖ ಸಣ್ಣಗಾಗಿದೆ?”

“ಜ್ವರ ಬಿಟ್ಟು ಎದ್ದಿದೀನಲ್ಲ ಸಿ ಫತ್ಹಿ.”

“ಮೂಗು ಸರಿ ಇದೆ ತಾನೆ? ನಿಮ್ಮ ಮೂಗಿಗೆ ವಿಮೆ ಮಾಡಿಸ್ಬೇಕು ಅಂತ ನಾನು ಎಷ್ಟು ಸಲ ಹೇಳಿಲ್ಲ.”

“ಮೂಗು ಇದ್ದಲ್ಲೇ ಇದೆ,” ಎಂದಳು. ಅದು ಮೊದಲ ಸುಳ್ಳು. ಮುಂದಿನ ಆರು ಮಂಗಳವಾರ ಬಾಯಿಬಿಟ್ಟು ಸುಳ್ಳು ಹೇಳಬೇಕಾಗಿ ಬರಲಿಲ್ಲ; ಗುರುತು ಹಾಕಿದರೆ ಸಾಕಾಗಿತ್ತು.

ರಂಜಾನ್ ತಿಂಗಳಲ್ಲಿ ಮಂಡಳಿ ಕೂರುವುದಿಲ್ಲ. ಉಪವಾಸದ ಬಾಯಿಗೆ ಎಣ್ಣೆ ಹಾಕುವಂತಿಲ್ಲವಲ್ಲ. ರಿಹಾಬಳ ಇಪ್ಪತ್ತೆಂಟೂ ಅಷ್ಟರಲ್ಲಿ ಮುಗಿದಿತ್ತು. ದಲೆಂದಾ ಮನೆಯಲ್ಲಿ ಕಣ್ಣಿನಿಂದ ಅಡುಗೆ ಮಾಡುತ್ತಿದ್ದಳು: ಈರುಳ್ಳಿಯ ಬಣ್ಣ, ಸಾರಿನ ಗುಳ್ಳೆ, ಗೋಡೆಯ ಗಡಿಯಾರ. ಹೆದಿ ಎರಡು ಸಲ ಉಪ್ಪು ಹೆಚ್ಚಾಯಿತೆಂದ, ಒಂದು ಸಲ ಹಾಲು ಸೀದ ವಾಸನೆ ಎಂದ. ಉಪವಾಸದ ಮೇಲೆ ಹೊರಿಸಿ ಅವಳು ದಾಟಿಕೊಂಡಳು.

ಹಬ್ಬಕ್ಕೆ ಷರ್ಮೂಲಾ ಮಾಡದ ಮನೆ ಸ್ಫಾಕ್ಸ್‌ನಲ್ಲಿಲ್ಲ. ಈರುಳ್ಳಿಯನ್ನೂ ಒಣದ್ರಾಕ್ಷಿಯನ್ನೂ ಎಣ್ಣೆಯಲ್ಲಿ ಸಣ್ಣ ಉರಿಯ ಮೇಲೆ ಅರ್ಧ ದಿನ ಬೇಯಿಸಿ, ಉಪ್ಪುಮೀನಿನ ಜೊತೆ ಹಬ್ಬದ ಬೆಳಿಗ್ಗೆ ತಿನ್ನುವುದು. ಯಾವಾಗ ಇಳಿಸಬೇಕೆಂದು ಹೇಳುವುದು ವಾಸನೆಯೇ. ನಾದಿನಿ ಒಂದು ತುತ್ತು ತಿಂದು ತಟ್ಟೆಯನ್ನು ಒಂದಿಷ್ಟು ಆಚೆ ಸರಿಸಿದಳು. “ತಳ ಹಿಡಿದಿದೆ ದಲೆಂದಾ. ಪರವಾಗಿಲ್ಲ ಬಿಡು, ವಯಸ್ಸಾಯ್ತು ನಮಗೂ.” ಆ ‘ನಮಗೂ’ ಅನ್ನುವಾಗ ಅವಳ ಮುಖದಲ್ಲಿದ್ದ ಸಮಾಧಾನವನ್ನು ದಲೆಂದಾ ನೋಡಿದಳು.

ಹಬ್ಬದ ಮರುದಿನ ಮಧ್ಯಾಹ್ನ ರಿಹಾಬ್ ಮನೆಗೆ ಬಂದಳು. ಕೈಯಲ್ಲಿ ಊರಿನಿಂದ ತಂದ ಎಣ್ಣೆಯ ಬಾಟಲಿ.

“ಲೆಲ್ಲಾ, ಇದು ನಿಮಗೆ. ಫಲಿತಾಂಶ ಎಲ್ಲ ಬಂದಾಯ್ತು, ಈಗ ಹೇಳಿದ್ರೆ ತಪ್ಪಿಲ್ಲ. ಹತ್ತೊಂಬತ್ತನೇದು ಇದೇ. ನಮ್ಮ ಮಾವಂದು. ದೋಷ ಸೊನ್ನೆ. ಮರ ಕೀಳಿಸೋದು ಬಿಟ್ಟಿದಾರೆ. ನಮ್ಮಮ್ಮ ಊರೆಲ್ಲ ಸಾರ್ಕೊಂಡು ಬಂದಿದಾಳೆ.”

ಹೆದಿ ಬಾಟಲಿ ತೆಗೆದುಕೊಂಡು ಬಿರಡೆ ತಿರುಗಿಸಿ ಮೂಗಿನ ಹತ್ತಿರ ಹಿಡಿದ. ಅವನು ಫಾಸ್ಫೇಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು, ಮಾತು ಕಡಿಮೆ. ಕಣ್ಣು ಅರೆಮುಚ್ಚಿ ಸ್ವಲ್ಪ ಹೊತ್ತು ಹಾಗೇ ನಿಂತ.

“ಇದು ಎಣ್ಣೆ ಅಂದ್ರೆ,” ಎಂದ. “ನಮ್ಮ ತಾತನ ಗಾಣದ್ದು ಹೀಗೇ ಇತ್ತು. ಅಂಗಡಿಯಲ್ಲಿ ಕೊಡೋದು ಹುಲ್ಲಿನ ರಸ. ನೋಡು ದಲೆಂದಾ, ಮೂಸಿ ನೋಡು.”

ಅವಳು ಬಾಟಲಿ ತೆಗೆದುಕೊಂಡು ಮೂಸಿದಂತೆ ಮಾಡಿದಳು. ಮೂಸುವ ಅಗತ್ಯ ಇರಲಿಲ್ಲ. ಹೆದಿಯ ಮುಖವೇ ಹೇಳಿತ್ತು.

ಹದಿನಾಲ್ಕು ವರ್ಷದ ಹಿಂದೆ ಅವಳೂ ಮೊದಲ ಪರೀಕ್ಷೆಯಲ್ಲಿ ಇದೇ ತಪ್ಪು ಮಾಡಿದ್ದಳು. ಹಿಂದೆ ಗಾಣಕ್ಕೆ ಸರದಿ ಇರುತ್ತಿತ್ತು. ಕಿತ್ತ ಕಾಯಿಯನ್ನು ಅಂಗಳದಲ್ಲಿ ರಾಶಿ ಹಾಕಿ ಒಂದೊಂದು ಮನೆಯವರೂ ನಾಲ್ಕು ದಿನ, ವಾರ ಕಾಯುತ್ತಿದ್ದರು. ರಾಶಿಯೊಳಗೆ ಕಾಯಿ ಬಿಸಿಯಾಗಿ ಮುಗ್ಗುತ್ತಿತ್ತು. ಆ ಮುಗ್ಗೇ ಎಣ್ಣೆಗೆ ಇಳಿಯುತ್ತಿತ್ತು, ಅದನ್ನೇ ತಿಂದು ಜನ ಬೆಳೆದರು, ಅದನ್ನೇ ಎಣ್ಣೆಯ ವಾಸನೆ ಎಂದು ತಿಳಿದರು. ಇಲ್ಲಿ ಹುಟ್ಟಿದ ಯಾರನ್ನು ಕೂರಿಸಿದರೂ ಮೊದಲ ದಿನ ಮುಗ್ಗಿದ ಎಣ್ಣೆಗೇ ಹೆಚ್ಚು ಅಂಕ. ಅದನ್ನು ದೋಷ ಎನ್ನುವುದಕ್ಕೆ ದಲೆಂದಾಳಿಗೆ ಮೂರು ತಿಂಗಳು ಹಿಡಿದಿತ್ತು. ಕಲಿತ ಹೊಸತರಲ್ಲಿ ಅಪ್ಪನ ಮನೆಗೆ ಹೋಗಿ, ಹರವಿಯ ಮುಚ್ಚಳ ತೆಗೆದು, “ಇದು ಮುಗ್ಗಿದೆ ಅಪ್ಪಾ, ತಿನ್ನಬೇಡ,” ಎಂದಿದ್ದಳು. ಅಪ್ಪ ಆ ದಿನದ ಊಟದಲ್ಲಿ ಅವಳ ಮುಂದಿದ್ದ ಎಣ್ಣೆಯ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡರು, ಅಷ್ಟೇ.

ಹೆದಿಗೆ ಹಿಡಿಸಿದ ಎಣ್ಣೆಗೆ ದೋಷ ಸೊನ್ನೆ ಇರಲು ಸಾಧ್ಯವಿರಲಿಲ್ಲ.

ರಜೆ ಮುಗಿದ ದಿನ ಅವಳು ಗಣಿತ ವಿಭಾಗಕ್ಕೆ ಹೋದಳು. ಫತ್ಹಿಯ ಕೋಣೆಯ ಕಪ್ಪುಹಲಗೆಯ ಮೇಲೆ ಅಕ್ಷರಗಳಿದ್ದವು, ಅಂಕಿ ಒಂದೂ ಇರಲಿಲ್ಲ.

“ಸಿ ಫತ್ಹಿ, ಒಂದು ಲೆಕ್ಕ ಕೇಳ್ಬೇಕಿತ್ತು.”

“ಕೇಳಿ. ತತ್ತ್ವಶಾಸ್ತ್ರದೋರು ಲೆಕ್ಕ ಕೇಳೋಕೆ ಬಂದಿದ್ದು ಇದೇ ಮೊದ್ಲು. ಚಹಾ ತರಿಸ್ಲಾ?”

“ಎಂಟು ಜನರಲ್ಲಿ ಒಬ್ಬರು ಸುಳ್ಳು ಗುರುತು ಹಾಕಿದ್ರೆ ಏನಾಗುತ್ತೆ?”

“ಏನೂ ಆಗಲ್ಲ.” ಅವರು ಎಂಟು ಸೀಮೆಸುಣ್ಣದ ತುಂಡು ಸಾಲಾಗಿ ಇಟ್ಟರು. “ಎಂಟು ಗುರುತನ್ನ ಚಿಕ್ಕದರಿಂದ ದೊಡ್ಡದಕ್ಕೆ ನಿಲ್ಲಿಸ್ತೀವಿ. ನಡುವೆ ನಿಂತಿರೋ ಇಬ್ಬರನ್ನ ಮಾತ್ರ ಕೇಳ್ತೀವಿ. ತುದೀಲಿರೋನು ಎಷ್ಟು ಕೂಗಾಡಿದ್ರೂ ಯಾರೂ ತಿರುಗಿ ನೋಡಲ್ಲ. ಒಬ್ಬ ಕಳ್ಳನ್ನ ತಡ್ಕೊಳ್ಳಲಿ ಅಂತಲೇ ಹೀಗೆ ಮಾಡಿರೋದು.”

ನೆಮ್ಮದಿಯಾಗಬೇಕಿತ್ತು. ಆದದ್ದು ಬೇರೆ. ಇದ್ದರೂ ಇಲ್ಲದಿದ್ದರೂ ಒಂದೇ ಎನ್ನುವ ಜಾಗದಲ್ಲಿ ಹದಿನಾಲ್ಕು ವರ್ಷ ಸಾಬೂನು ಬಿಟ್ಟು, ಕಾಫಿ ಬಿಟ್ಟು ಕೂತಿದ್ದೆನೇ ಎಂದು ಅನಿಸಿತು.

“ಆ ಒಬ್ಬರು ನಡುವೆಯೇ ಇದ್ರೆ?”

ಫತ್ಹಿ ಅವಳನ್ನು ನೋಡಿದರು. ರಿಹಾಬಳ ಲೆಕ್ಕ ಮಾಡಿಕೊಟ್ಟವರು ಅವರೇ. “ಯಾವುದು ಹೇಳಿ.”

“ಹತ್ತೊಂಬತ್ತು. ಮುಗ್ಗಿನ ಗೆರೆ.”

ಕಡತ ತೆಗೆದರು. “ಐದು ಸೊನ್ನೆ. ಮೂರು ಜನ ಗುರುತು ಹಾಕಿದಾರೆ. ನಡುವಿನ ಇಬ್ಬರೂ ಸೊನ್ನೆ. ಸೊನ್ನೆ ಅಂತ ಬಂತು.”

“ಐದರಲ್ಲಿ ಒಬ್ಬರು ಈ ಕಡೆ ಬಂದಿದ್ರೆ?”

“ನಾಲ್ಕು, ನಾಲ್ಕು ಆಗುತ್ತೆ. ಆಗ ನಡು ಸೊನ್ನೆ ಬಿಟ್ಟು ಜರುಗುತ್ತೆ. ಮೊದಲ ದರ್ಜೆ ಹೋಗುತ್ತೆ.”

“ನಾಲ್ಕನೇ ಗೂಡು ಏನು ಹಾಕಿದೆ?”

ಫತ್ಹಿ ಹಾಳೆ ನೋಡಲಿಲ್ಲ. “ಸೊನ್ನೆ,” ಎಂದರು.

“ಆ ಗೂಡಿಗೆ ಜನವರಿಯಿಂದ ಮೂಗಿಲ್ಲ ಸಿ ಫತ್ಹಿ.”

ಅವರು ಸೀಮೆಸುಣ್ಣದ ತುಂಡುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದರು. “ಹುಡುಗಿಗೆ ಹೇಳಿ. ನಾನು ಹೇಳಲ್ಲ. ಆದ್ರೆ ಇವತ್ತೇ ಹೇಳಿ,” ಎಂದರು.

ರಿಹಾಬ್ ಪ್ರಯೋಗಾಲಯದಲ್ಲಿ ನೀಲಿ ಗ್ಲಾಸುಗಳನ್ನು ಒರೆಸಿ ತಲೆಕೆಳಗಾಗಿ ಇಡುತ್ತಿದ್ದಳು. ದಲೆಂದಾ ಹೇಳಿ ಮುಗಿಸುವ ತನಕ ಅವಳ ಕೈ ನಿಲ್ಲಲಿಲ್ಲ.

“ಏಳು ಮಂಗಳವಾರ,” ಎಂದಳು ಕೊನೆಗೆ. “ಏಳೂ ಮಂಗಳವಾರ ನನ್ನ ಕೈಯಿಂದಲೇ ಗ್ಲಾಸು ಇಸ್ಕೊಂಡ್ರಿ.”

“ಹೌದು.”

“ಜೂನ್‌ಗೆ ನನ್ನ ಪರೀಕ್ಷೆ ಇದೆ ಲೆಲ್ಲಾ. ಇಪ್ಪತ್ತೆಂಟೂ ಬಿದ್ದೋಯ್ತು. ಮಾವ ಹೊಸ ಸಸಿಗೆ ಅಂತ ಗುಂಡಿ ತೆಗೆಸಿದ್ದೋರು ಮುಚ್ಚಿಸಿದಾರೆ. ಅವರಿಗೆ ಏನಂತ ಹೇಳ್ಲಿ?” ಆಮೇಲೆ, “ಯಾಕೆ ಹೇಳ್ಲಿಲ್ಲ ನೀವು?”

ದಾರಿಯುದ್ದಕ್ಕೂ ದಲೆಂದಾ ಬೇರೆ ಬೇರೆ ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಬಾಯಿಗೆ ಬಂದದ್ದು ಅವ್ಯಾವುದೂ ಅಲ್ಲ. “ಈ ಕುರ್ಚಿ ಬಿಟ್ರೆ ನಾನು ಬರೀ ಮೊಹರು ಹಾಕೋಳು.”

“ಮೊಹರನ್ನಾದ್ರೂ ಸರಿಯಾದ ಜಾಗದಲ್ಲಿ ಹಾಕ್ತೀರಲ್ಲ,” ಎಂದಳು ರಿಹಾಬ್.

ದಲೆಂದಾ ಹೋಗಿ ಹೇಳಿದಾಗ ಮೊಂದೆರ್ ಗದರಲಿಲ್ಲ. ಮುರಿದ ಉಷ್ಣಮಾಪಕದ ಬಗ್ಗೆ ಮಾತಾಡುವಂತೆ ಮಾತಾಡಿದರು. ಏಳೂ ದಿನದ ಕೆಲಸ ರದ್ದು. ಎಣ್ಣೆ ತಣ್ಣನೆಯ ಕತ್ತಲೆ ಕೋಣೆಯಲ್ಲಿ ಇನ್ನೊಂದು ಸಲಕ್ಕಾಗುವಷ್ಟು ಇದೆ. ಎಂಟನೆಯವರು ಬೇಕು. ಭೂಗೋಳ ವಿಭಾಗದ ಲಸ್ಸಾದ್ ಎಂಬವನನ್ನು ಚಳಿಗಾಲದಲ್ಲೇ ನೋಡಿಟ್ಟಿದ್ದರು. ಗಾಳಿ ಮರಳನ್ನು ಎಲ್ಲಿಂದ ಎಲ್ಲಿಗೆ ಒಯ್ಯುತ್ತದೆ ಎಂದು ಅಳೆಯುವವನು.

“ಒಳ್ಳೇ ಮೂಗು. ಆದ್ರೆ ಮುಗ್ಗಿದ್ದನ್ನ ಕೊಟ್ರೆ ಸಂತೋಷಕ್ಕೆ ಕಣ್ಣಲ್ಲಿ ನೀರು ಬರುತ್ತೆ. ತಿದ್ದೋಕೆ ಮೂರು ತಿಂಗಳು ಬೇಕು. ನಮಗಿರೋದು ಮೂರು ವಾರ.”

“ನಾನು ಕಲಿಸ್ತೀನಿ.”

“ಏನಿಟ್ಕೊಂಡು?”

“ವಾಸನೆ ಅವರು ನೋಡ್ಲಿ. ಅವರು ಹೇಳಿದ್ದು ಏನು ಅಂತ ನಾನು ಹೇಳ್ತೀನಿ. ಸಿ ಮೊಂದೆರ್, ನೀವು ಹುಟ್ಟಿದ್ದು ರಾಜಧಾನಿಯಲ್ಲಿ. ನಿಮಗೆ ಆ ವಾಸನೆ ಮೊದ್ಲಿಂದಾನೂ ಕೆಟ್ಟದ್ದೇ. ಅದನ್ನ ಇಷ್ಟಪಟ್ಟು, ಆಮೇಲೆ ಬಿಟ್ಟೋಳು ನಾನು.”

ಅವರು ಕನ್ನಡಕ ತೆಗೆದು ಒರೆಸಿದರು. “ದಿನಾ ಹತ್ತು ಗಂಟೆಗೆ. ರಿಹಾಬ್ ಒಪ್ಪಿದ್ರೆ,” ಎಂದರು. ರಿಹಾಬ್ ಒಪ್ಪಿದಳು. ಒಪ್ಪಿದಳೆಂದರೆ ಬೇಡ ಎನ್ನಲಿಲ್ಲ.

ಲಸ್ಸಾದ್ ಮೂವತ್ತೈದರವನು, ನಗುಮುಖ, ಶೂಗಳ ಹೊಲಿಗೆಯಲ್ಲಿ ಯಾವಾಗಲೂ ಮರಳು. ನಾಲ್ಕನೇ ಗೂಡಿನಲ್ಲಿ ಅವನನ್ನು ಕೂರಿಸಿ ದಲೆಂದಾ ಪಕ್ಕದಲ್ಲಿ ನಿಂತಳು. ಆ ಕುರ್ಚಿಯನ್ನು ಮೇಲಿನಿಂದ ಅವಳು ನೋಡಿದ್ದು ಅದೇ ಮೊದಲು.

“ಇದು ತುಂಬಾ ಚೆನ್ನಾಗಿದೆ ಲೆಲ್ಲಾ.”

“ಚೆನ್ನಾಗಿದೆ ಅಂದ್ರೆ? ತಕ್ಕಡಿ ಚೆನ್ನಾಗಿದೆ ಅನ್ನಲ್ಲ. ಏನಿದೆ ಹೇಳಿ.”

“ಎಣ್ಣೆ ಇದೆ.”

“ಕಣ್ಣು ಮುಚ್ಚಿ. ಏನು ಕಾಣುತ್ತೆ?”

ಅವನು ಕಣ್ಣು ಮುಚ್ಚಿದ. “ನಮ್ಮಜ್ಜಿ ಉಗ್ರಾಣ. ಮಣ್ಣಿನ ಹರವಿ. ಮೂಲೇಲಿ ಒದ್ದೆ ಚಾಪೆ ಸುತ್ತಿಟ್ಟಿದಾರೆ. ಅಜ್ಜಿ ಇದಾಳೆ, ಮುಖ ಈ ಕಡೆ.”

“ಎಷ್ಟು ಹಾಕಿದ್ರಿ?”

“ಒಂಬತ್ತು. ಘಮದ ಗೆರೇಲಿ.”

“ಒಂಬತ್ತೇ ಇರ್ಲಿ. ಅಜ್ಜಿನ ಮಾತ್ರ ಕೆಳಗಿನ ಗೆರೆಗೆ ಇಳಿಸಿ.”

“ನಮ್ಮಜ್ಜಿ ದೋಷಾನಾ?”

“ಅಜ್ಜಿ ಅಲ್ಲ. ಅಜ್ಜಿ ಕಾಯಿ ರಾಶಿ ಹಾಕ್ಕೊಂಡು ಸರದಿ ಕಾದ್ರಲ್ಲ, ಅದು. ನೆನಪಿಟ್ಕೊಳ್ಳಿ, ಅಜ್ಜಿ ಎಲ್ಲಿ ಕಂಡ್ರೂ ಕೆಳಗೆ. ಮುಖ ಕಂಡ್ರೆ ಒಂಬತ್ತು, ಬೆನ್ನು ಕಂಡ್ರೆ ಐದು, ಪಕ್ಕದ ಕೋಣೇಲಿ ಸದ್ದು ಕೇಳಿದ್ರೆ ಎರಡು. ಯಾರೂ ಇಲ್ದೆ ಬರೀ ತೋಟ ಕಂಡ್ರೆ ಮೇಲಿನ ಗೆರೆ.”

ಲಸ್ಸಾದ್ ಜೋರಾಗಿ ನಕ್ಕ. ಆಚೆ ಕೆಲಸ ಮಾಡುತ್ತಿದ್ದ ರಿಹಾಬ್ ತಲೆಯೆತ್ತಿ ನೋಡಿ ಮತ್ತೆ ಬಗ್ಗಿಸಿದಳು.

ಹಾಗೆ ಮೂರು ವಾರ ನಡೆಯಿತು. ಅವನು ಕಂಡದ್ದನ್ನು ಹೇಳುತ್ತಿದ್ದ, ಅವಳು ಅದಕ್ಕೆ ಹೆಸರು ಕೊಡುತ್ತಿದ್ದಳು. “ಬೆಂಡೆಕಾಯಿ ಮುರಿದ ಹಾಗೆ” ಎಂದರೆ ಎಳೆ ಕಾಯಿ; “ಬಾಗಿಲು ಮುಚ್ಚಿದ ಅಂಗಡಿ” ಎಂದರೆ ಹಳತು. ಅವನು ತಡವರಿಸಿದಾಗ ಅವಳು ಗ್ಲಾಸು ಇಸಿದುಕೊಂಡು ಒಂದು ಗುಟುಕು ಕುಡಿಯುತ್ತಿದ್ದಳು. ಗಂಟಲು ಚುರುಗುಟ್ಟುತ್ತಿತ್ತು, ಅಷ್ಟೇ. ಉಳಿದದ್ದು ಅವನ ಮಾತಿನಿಂದಲೇ ಬರಬೇಕಿತ್ತು. ಒಮ್ಮೊಮ್ಮೆ ಬರುತ್ತಲೂ ಇತ್ತು. ಟೊಮೇಟೊ ಎಲೆ ಎಂದು ಅವನು ಅಂದ ಕ್ಷಣ ಅವಳ ತಲೆಯೊಳಗೆ ಎಲ್ಲೋ ಒಂದು ಎಲೆ ಹರಿದಂತಾಗಿ ಮಾಯವಾಗುತ್ತಿತ್ತು.

ಮೂರನೇ ವಾರದ ಕೊನೆಗೆ ಲಸ್ಸಾದ್ ಹತ್ತು ಗ್ಲಾಸಿನಲ್ಲಿ ಹತ್ತನ್ನೂ ಸರಿಯಾಗಿ ಹೇಳಿದ. ಆದರೆ ಖುಷಿಯಿಂದಿರಲಿಲ್ಲ. “ನಿನ್ನೆ ಅಮ್ಮನ ಮನೇಲಿ ಊಟ ಸೇರ್ಲಿಲ್ಲ ಲೆಲ್ಲಾ. ತಟ್ಟೆ ಹತ್ರ ಬಂದ ಕೂಡ್ಲೇ ಕೆಳಗಿನ ಗೆರೆ ಕಾಣಿಸ್ತು.”

“ಅಮ್ಮನಿಗೆ ಹೇಳಿದ್ರಾ?”

“ಇಲ್ಲ.”

“ಹೇಳ್ಬೇಡಿ,” ಎಂದಳು ದಲೆಂದಾ.

ಎರಡನೇ ಸಲದ ರುಚಿ ನೋಡುವ ಕೆಲಸ ವಾರಕ್ಕೆ ಎರಡು ದಿನದಂತೆ ಮೇ ಮಧ್ಯದ ತನಕ ನಡೆಯಿತು. ದಲೆಂದಾ ಅಲ್ಲಿಗೆ ಹೋಗಲಿಲ್ಲ. ಮಂಗಳವಾರ ಕಾಫಿ ಕುಡಿದಳು, ಕಹಿ ಬಿಸಿನೀರು. ಹತ್ತು ಗಂಟೆಗೆ ಅಭ್ಯಾಸಬಲದಿಂದ ಖಾನೆಗೆ ಬೀಗ ಹಾಕಿ, ಮತ್ತೆ ತೆಗೆದು, ಮೊಹರು ಹೊರಗಿಟ್ಟುಕೊಂಡಳು. ಗೋಡೆಯಾಚೆ ಒಬ್ಬ ಹೊಸ ಅಧ್ಯಾಪಕ, ಕಾಣದ ವಸ್ತು ಇದೆಯೆಂದು ಹೇಗೆ ತಿಳಿಯುವುದು ಎಂಬುದರ ಮೇಲೆ ಒಂದು ಗಂಟೆ ಮಾತಾಡಿದ. ಅವಳು ಪೂರ್ತಿ ಕೇಳಿಸಿಕೊಂಡಳು. ಅವನಿಗೆ ವಿಷಯ ಅಷ್ಟಾಗಿ ಗೊತ್ತಿಲ್ಲ ಅನಿಸಿತು.

ರಿಹಾಬ್ ತತ್ತ್ವಶಾಸ್ತ್ರ ವಿಭಾಗದ ಮೆಟ್ಟಿಲು ಹತ್ತಿ ಬಂದದ್ದು ಮೇ ಕೊನೆಯಲ್ಲಿ. ಕಿಟಕಿಯ ಮುಂದೆ ಅರ್ಜಿ ಹಿಡಿದ ಇಬ್ಬರ ಹಿಂದೆ ಸಾಲಿನಲ್ಲಿ ನಿಂತು, ತನ್ನ ಸರದಿ ಬಂದಾಗ, “ಹತ್ತೊಂಬತ್ತು, ಎರಡೂವರೆ,” ಎಂದಳು.

“ಮುಗ್ಗು?”

“ಮುಗ್ಗು. ಆರು ಜನ ಹಾಕಿದಾರೆ. ಮೊದಲ ದರ್ಜೆ ಇಲ್ಲ.” ಕಿಟಕಿಯ ಕಟ್ಟೆಯ ಮೇಲೆ ಕೈಯಿಟ್ಟಳು. “ಮಾವನ್ನ ಕೇಳ್ದೆ. ಗಾಣದವರು ಬರಹೇಳಿದ ದಿನಕ್ಕೆ ಹೋಗದೆ ನಾಲ್ಕು ದಿನ ಅಂಗಳದಲ್ಲಿ ರಾಶಿ ಹಾಕಿದ್ರಂತೆ, ಹಾಗಿದ್ರೇನೇ ಎಣ್ಣೆಗೆ ರುಚಿ ಅಂತ. ಇಪ್ಪತ್ತೆರಡನೇದೂ ಮೊಲಗಿವಿನೇ, ಬೇರೆ ತೋಟದ್ದು, ಕಿತ್ತ ದಿನವೇ ಅರೆಸಿದ್ದು. ಅದು ಸೊನ್ನೆ ಬಂದಿದೆ. ಎಂಟು ಜನಾನೂ ಸೊನ್ನೆ. ಮರದ ತಪ್ಪಲ್ಲ. ಒಂದು ಅಧ್ಯಾಯ ಪೂರ್ತಿ ಮತ್ತೆ ಬರೀತಿದೀನಿ.”

“ಮಾವನಿಗೆ ಹೇಳಿದ್ಯಾ?”

“ಹೇಳ್ದೆ. ನಿಮ್ಮ ವಿಶ್ವವಿದ್ಯಾಲಯಕ್ಕೆ ನೆಗಡಿ ಆಗಿದೆ ಅಂದ್ರು.”

ದಲೆಂದಾ ನಗಬಾರದೆಂದುಕೊಂಡಳು. ರಿಹಾಬಳ ತುಟಿಯ ತುದಿಯೂ ಅಲುಗಿತು, ಆದರೆ ಅವಳು ಅದನ್ನು ಅಲ್ಲಿಗೇ ನಿಲ್ಲಿಸಿದಳು. ಚೀಲದಿಂದ ಒಂದು ಹಾಳೆ ತೆಗೆದಳು.

“ನಿಮ್ಮ ಹಳೇ ಗುರುತುಗಳನ್ನ ಬಿಸಾಕ್ಲಿಲ್ಲ. ಅನುಬಂಧಕ್ಕೆ ಹಾಕಿದೀನಿ, ಹೆಸರಿಲ್ದೆ. ಘಮದಲ್ಲಿ ಎಲ್ಲ ಅಡ್ಡಾದಿಡ್ಡಿ. ಆದ್ರೆ ಕಹಿ, ಘಾಟು ಎರಡರಲ್ಲೂ ಎಂಟು ಜನರಲ್ಲಿ ನಡುವಿಗೆ ಹತ್ರ ಇರೋದು ನೀವೇ. ಸಿ ಫತ್ಹಿ ಎರಡು ಸಲ ಲೆಕ್ಕ ಮಾಡಿದ್ರು. ವೈದ್ಯ ವಿಭಾಗದಲ್ಲಿ ಯಾರೋ ಮೂಗಿನ ಮೇಲೆ ಕೆಲಸ ಮಾಡ್ತಿದಾರಂತೆ, ನೀವು ಒಪ್ಪಿದ್ರೆ ನೋಡ್ತೀವಿ ಅಂತಿದಾರೆ. ಒಪ್ಪೋದು ಬಿಡೋದು ನಿಮಗೆ ಸೇರಿದ್ದು.”

“ಯೋಚಿಸ್ತೀನಿ ಮಗಳೇ.”

“ಲೆಲ್ಲಾ,” ಎಂದಳು ಹೊರಡುವ ಮೊದಲು. “ಜೂನ್ ಹದಿನೆಂಟಕ್ಕೆ ನನ್ನ ಮೌಖಿಕ ಪರೀಕ್ಷೆ. ಅಮ್ಮ ಸಿಹಿ ತರ್ತಾಳೆ. ಬನ್ನಿ ಅಂತ ಈಗ್ಲೇ ಕರೆಯೋಕೆ ನನ್ನ ಕೈಲಿ ಆಗಲ್ಲ. ಆದ್ರೆ ಬಾಗಿಲು ತೆರೆದಿರುತ್ತೆ. ಎಲ್ಲರಿಗೂ ತೆರೆದಿರುತ್ತಲ್ಲ.”

“ಗೊತ್ತು,” ಎಂದಳು ದಲೆಂದಾ.

ಆ ಸಂಜೆ ಬಿಸಿಲಿನ್ನೂ ಅಂಗಳದ ಗೋಡೆಯ ಮೇಲಿರುವಾಗಲೇ ಇಬ್ಬರೂ ಊಟಕ್ಕೆ ಕೂತರು. ಹೆದಿ ರಿಹಾಬ್ ಕೊಟ್ಟ ಬಾಟಲಿಯಿಂದ ಬಟ್ಟಲಿಗೆ ಎಣ್ಣೆ ಸುರಿದ. ಬಾಟಲಿ ಅರ್ಧಕ್ಕಿಂತ ಕೆಳಗಿಳಿದಿತ್ತು. ದಲೆಂದಾ ಅದನ್ನು ಮುಟ್ಟಿರಲಿಲ್ಲ.

“ಹೆದಿ, ನನಗೆ ವಾಸನೆ ಗೊತ್ತಾಗಲ್ಲ.”

“ಯಾವುದರ ವಾಸನೆ?”

“ಯಾವುದರದ್ದೂ. ಜನವರಿಯಿಂದ.”

ಅವನು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ಅದಕ್ಕೇ ಉಪ್ಪು ಜಾಸ್ತಿ ಆಗ್ತಿತ್ತಾ?”

“ಉಪ್ಪಿಗೆ ವಾಸನೆ ಇಲ್ಲ.”

“ಮತ್ತೆ?”

“ಗೊತ್ತಿಲ್ಲ. ಏನಾದ್ರೂ ಇರ್ಲಿ ಅಂತ ಹಾಕ್ತಿದ್ನೇನೋ.”

“ಐದು ತಿಂಗಳು,” ಎಂದ ಹೆದಿ. ಸಿಟ್ಟೋ ನೋವೋ ತಿಳಿಯಲಿಲ್ಲ. ಬಟ್ಟಲನ್ನು ಅವಳ ಕಡೆ ತಳ್ಳಿದ. “ಹಾಗಾದ್ರೆ ಇದೂ ಗೊತ್ತಾಗಲ್ವಾ ನಿನಗೆ? ಇಂಥ ಎಣ್ಣೆ.”

ಅವಳು ಬಟ್ಟಲನ್ನು ನೋಡಿದಳು. ಎರಡೂವರೆ ಎಂದು ಹೇಳಬಹುದಿತ್ತು.

“ನೀನು ಹೇಳು. ಹೇಗಿದೆ?”

“ಎಣ್ಣೆ ವಾಸನೆ.”

“ಹಾಗಲ್ಲ. ಕಣ್ಣು ಮುಚ್ಕೋ. ಯಾರು ಕಾಣ್ತಾರೆ?”

ಹೆದಿ ಅವಳನ್ನೇ ನೋಡಿದ, ಹುಚ್ಚೇ ಎಂಬಂತೆ. ಆಮೇಲೆ ಕಣ್ಣು ಮುಚ್ಚಿದ.

“ಗಾಣದ ಒಂಟೆ,” ಎಂದ. “ಕಣ್ಣಿಗೆ ಬಟ್ಟೆ ಕಟ್ಟಿದಾರೆ. ಅರೆದ ಕಾಯಿ ಹಿಂಡೋ ಚಾಪೆಗಳಿಂದ ಎಣ್ಣೆ ಜಿನುಗ್ತಾ ಇದೆ. ತಾತ ಬಯ್ತಿದಾರೆ, ಯಾರಿಗೋ.” ನಿಲ್ಲಿಸಿದ. “ಆಮೇಲೆ ನಿಮ್ಮಪ್ಪ. ನಾನು ಮೊದಲ ಸಲ ನಿಮ್ಮನೆಗೆ ಬಂದಾಗ ಹರವಿಯೊಳಗೆ ಸೌಟು ಇಳಿಸಿ ಕೇಳಿದ್ರಲ್ಲ, ನಿಮ್ಮ ಮನೇದು ಚೆನ್ನಾಗಿದ್ಯೋ ನಮ್ಮದೋ ಅಂತ. ನಾನು ನಿಮ್ದೇ ಅಂದೆ. ಸುಳ್ಳೇನಲ್ಲ.”

“ಅಪ್ಪ ಏನು ಹಾಕ್ಕೊಂಡಿದಾರೆ?”

“ಬೂದು ಜುಬ್ಬ. ತೋಳಿನ ತುದಿ ಎಣ್ಣೆ ಆಗಿದೆ.”

ದಲೆಂದಾ ರೊಟ್ಟಿಯ ಚೂರನ್ನು ಬಟ್ಟಲಿಗೆ ಅದ್ದಿ ಬಾಯಿಗಿಟ್ಟುಕೊಂಡಳು. ಕಹಿ ಕಡಿಮೆ. ಘಾಟು ಹಿತವಾಗಿತ್ತು, ಒಂದೇ ಕೆಮ್ಮು.

“ಹತ್ತಕ್ಕೆ ಎಷ್ಟು ಹಾಕ್ತೀಯ?”

“ಹತ್ತು,” ಎಂದ ಹೆದಿ, ಕಣ್ಣು ತೆರೆಯದೆ.

ಯಾವ ಗೆರೆಯಲ್ಲಿ ಎಂದು ಅವಳು ಕೇಳಲಿಲ್ಲ. ಇನ್ನೊಂದು ಚೂರು ಮುರಿದುಕೊಂಡಳು.